ಆಫ್‌ರೋಡ್ ಗಾಡಿಗೆ ಯಾವ ರೇಡಿಯೋ? 5 ವ್ಯಾಟ್ ಸಾಕಾ, 50 ಬೇಕಾ?

ಕೆಸರುಗಾಲಿ

ಎಲ್ಲರಿಗೂ ನಮಸ್ಕಾರ. ಆರು ಗಾಡಿಗಳ ನಮ್ಮ ಗುಂಪಿಗೆ ರೇಡಿಯೋ ಆರಿಸುವ ಕೆಲಸ ನನ್ನ ತಲೆಗೆ ಬಂದಿದೆ. ಯಾಕೆ ನನಗೇ ಅಂದರೆ, ಕಳೆದ ಸಲ ಜಾಸ್ತಿ ಕೂಗಾಡಿದವನು ನಾನೇ.

ಆದದ್ದು ಇಷ್ಟು. ಕಾಡಿನ ದಾರಿ, ಮೊಬೈಲ್ ಸಿಗ್ನಲ್ ಇಲ್ಲ. ನಾನು ಎರಡನೇ ಗಾಡಿ. ನಾಲ್ಕನೆಯವನು ಹಳ್ಳ ದಾಟಿ ದಡ ಹತ್ತುವಾಗ ಹೂತುಕೊಂಡ. ವಾಕಿಟಾಕಿಯಲ್ಲಿ ಐದಾರು ಸಲ ಕರೆದನಂತೆ. ನಮಗೆ ಕೇಳಿಸಿದ್ದು "ಕರ್ರ್... ಬನ್ನಿ... ಕರ್ರ್". ಮುಂದೆ ಬನ್ನಿ ಅಂತಿದ್ದಾನೋ, ವಾಪಸ್ ಬನ್ನಿ ಅಂತಿದ್ದಾನೋ ತಿಳಿಯಲಿಲ್ಲ. ಎರಡು ಕಿಲೋಮೀಟರ್ ಮುಂದೆ ಹೋಗಿ ನಿಂತೆವು. ಹೂತ ಗಾಡಿ ಎಳೆಯುವ ವಿಂಚ್ ಇದ್ದದ್ದು ಮೊದಲನೇ ಗಾಡಿಯಲ್ಲಿ. ನಾವು ವಾಪಸ್ ಬರುವ ಹೊತ್ತಿಗೆ ಅವನ ಸೀಟಿನ ಕೆಳಗೆ ನೀರು ಬಂದಾಗಿತ್ತು.

ಈಗ ನನ್ನ ಗೊಂದಲ. ನಮ್ಮ ಹತ್ತಿರ ಇರುವ ಕೈ ಸೆಟ್ಟುಗಳ ಡಬ್ಬಿ ಮೇಲೆ "30 ಕಿಲೋಮೀಟರ್" ಅಂತ ಬರೆದಿದೆ. ಎರಡಕ್ಕೇ ಉಸಿರು ಬಿಟ್ಟಿತು. ಗಾಡಿಗೆ ಕೂರಿಸುವ 50 ವ್ಯಾಟಿನ ಸೆಟ್ ತಗೊಂಡರೆ ಸರಿಹೋಗುತ್ತಾ? ವಿಎಚ್‌ಎಫ್ ತಗೊಳ್ಳಲಾ, ಯುಎಚ್‌ಎಫ್ ತಗೊಳ್ಳಲಾ? ಎರಡೂ ರೇಡಿಯೋ ಅಲೆಗಳ ಬೇರೆ ಬೇರೆ ಬ್ಯಾಂಡ್, ಯುಎಚ್‌ಎಫ್‌ದು ಹೆಚ್ಚಿನ ಫ್ರೀಕ್ವೆನ್ಸಿ ಅಂತ ಅಷ್ಟೇ ಗೊತ್ತು. ಡಿಜಿಟಲ್ ಅಂತ ಬೇರೆ ಹೇಳ್ತಾರೆ. ಇನ್ನೊಂದು ವಿಷಯ, ನಾನೂ ನನ್ನ ತಂಗಿಯೂ ಮುಂದಿನ ವರ್ಷ ಒಂದು ಕ್ರಾಸ್ ಕಂಟ್ರಿ ರೇಸಿಗೆ ಇಳಿಯೋಣ ಅಂತಿದ್ದೇವೆ. ನಾನು ಸ್ಟಿಯರಿಂಗ್, ಅವಳು ದಾರಿ ಹೇಳುವವಳು. ಎರಡಕ್ಕೂ ಒಂದೇ ಸೆಟ್ ಆಗುತ್ತಾ?

ನನ್ನ ಗಾಡಿಗೆ ಕ್ಯಾನ್ವಾಸ್ ಟಾಪ್. ಅದೂ ಲೆಕ್ಕಕ್ಕೆ ಬರುತ್ತೆ ಅಂತ ಯಾರೋ ಅಂದರು.

ಹಳೇಜೀಪು

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. 50 ವ್ಯಾಟ್ ತಗೊಳ್ಳಿ, ಲೈಟರ್ ಸಾಕೆಟ್‌ಗೆ ಚುಚ್ಚಿ, ಮಾತಾಡಿ. ಪವರ್ ಇದ್ದರೆ ಎಲ್ಲ ಇದೆ. ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಕೊನೇಗಾಡಿ

ಹಳೇಜೀಪು ಅವರ ಮಾತಿಗೆ ನನ್ನ ತಕರಾರಿದೆ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನು.

ನಮ್ಮ ಗುಂಪಿನಲ್ಲಿ ಹನ್ನೊಂದು ವರ್ಷದಿಂದ ಕೊನೇ ಗಾಡಿ ನನ್ನದು. ಯಾರು ಹೂತರು, ಯಾರ ಟಯರ್ ಹೋಯಿತು, ಯಾರು ತಪ್ಪು ತಿರುವು ತಗೊಂಡರು, ಎಲ್ಲ ಮೊದಲು ಕಾಣುವುದು ನನಗೆ. ಹಾಗಾಗಿ ಮುಂದಿನವನಿಗೆ ನನ್ನ ಮಾತು ಕೇಳಲೇಬೇಕು. ಮೊದಲ ವರ್ಷವೇ 50 ವ್ಯಾಟಿನ ಸೆಟ್ ತಂದೆ. ಆಂಟೆನಾ ಎಲ್ಲಿ ಹಾಕಿದೆ ಗೊತ್ತಾ? ಹಿಂದಿನ ಬಂಪರಿನ ಮೂಲೆಯಲ್ಲಿ, ಸ್ಪೇರ್ ವೀಲ್ ಪಕ್ಕ. ನೋಡೋಕೆ ಚೆನ್ನಾಗಿತ್ತು, ರೂಫಿಗೆ ತೂತು ಕೊರೆಯುವ ಕೆಲಸವೂ ತಪ್ಪಿತು.

ಎಲ್ಲರೂ ನನ್ನ ಮುಂದೆ. ಆಂಟೆನಾಕ್ಕೂ ಅವರಿಗೂ ಮಧ್ಯೆ ನನ್ನದೇ ಗಾಡಿ, ತಗಡಿನ ಗೋಡೆ ಥರ. ಗಾಡಿಯನ್ನು ಅಡ್ಡ ತಿರುಗಿಸಿದರೆ ಮೊದಲನೇ ಗಾಡಿಗೆ ಕೇಳುತ್ತಿತ್ತು, ನೆಟ್ಟಗೆ ನಿಲ್ಲಿಸಿದರೆ ಇಲ್ಲ. ಎರಡು ಟ್ರಿಪ್ ಸುಮ್ನೆ ಸೆಟ್ಟನ್ನೇ ಬೈದೆ. ಮೂರನೇ ಟ್ರಿಪ್‌ನಲ್ಲಿ ಗೆಳೆಯನೊಬ್ಬ ತನ್ನ ಮ್ಯಾಗ್ನೆಟ್ ಬುಡದ ಆಂಟೆನಾ ತಂದು ನನ್ನ ರೂಫಿನ ನಡುವೆ ಅಂಟಿಸಿದ. ಪವರ್ 10 ವ್ಯಾಟಿಗೆ ಇಳಿಸಿ ಮಾತಾಡು ಅಂದ. ಅದೇ ಜಾಗ, ಅದೇ ತಿರುವು. ಮುಂದಿನಿಂದ ಬಂದ ಉತ್ತರ: "ಇಷ್ಟು ದಿನ ಎಲ್ಲಿ ಹೋಗಿದ್ದೆ ಮಾರಾಯ?"

ಅದಕ್ಕೇ ಹೇಳೋದು, ದುಡ್ಡನ್ನು ಮೊದಲು ಆಂಟೆನಾಕ್ಕೆ ಹಾಕಿ, ಅದನ್ನು ಕೂರಿಸುವ ಜಾಗಕ್ಕೆ ಹಾಕಿ. ಉಳಿದರೆ ವ್ಯಾಟ್.

ಈಗ ನಿಮ್ಮ 30 ಕಿಲೋಮೀಟರ್. ಅದು ಪೂರ್ತಿ ಸುಳ್ಳಲ್ಲ. ಒಬ್ಬ ಒಂದು ಬೆಟ್ಟದ ತುದಿಯಲ್ಲಿ, ಇನ್ನೊಬ್ಬ ಇನ್ನೊಂದು ಬೆಟ್ಟದ ತುದಿಯಲ್ಲಿ ನಿಂತು ಮಾತಾಡಿದರೆ ಬರುತ್ತೆ. ವಿಎಚ್‌ಎಫ್, ಯುಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತವೆ. ಪೂರ್ತಿ ಸಮತಟ್ಟು ಬಯಲು, ಎರಡೂ ಗಾಡಿಯ ಆಂಟೆನಾ ನೆಲದಿಂದ 2 ಮೀಟರ್ ಎತ್ತರ ಅಂದುಕೊಳ್ಳಿ. ಲೆಕ್ಕದ ಪ್ರಕಾರ ಸುಮಾರು 11-12 ಕಿಲೋಮೀಟರ್‌ಗೆ ಭೂಮಿಯ ಡೊಂಕೇ ಅಡ್ಡ ಬರುತ್ತೆ. ಅದು ಬಯಲಿನಲ್ಲಿ. ಗುಡ್ಡ, ಮರ, ತಿರುವು ಸೇರಿದರೆ ಎರಡಕ್ಕೂ ಮೂರಕ್ಕೂ ಇಳಿಯುತ್ತೆ. ಮಧ್ಯೆ ಗುಡ್ಡ ಕೂತರೆ 50 ವ್ಯಾಟ್ ಅದನ್ನು ಕೊರೆದುಕೊಂಡು ಹೋಗುವುದಿಲ್ಲ.

ಪವರ್ ಹತ್ತು ಪಟ್ಟು ಮಾಡಿದರೆ ದೂರ ಹತ್ತು ಪಟ್ಟು ಆಗಲ್ಲ. ನೆಲಕ್ಕೆ ಅಂಟಿಕೊಂಡು ಓಡುವ ಗಾಡಿಗಳ ನಡುವೆ ಎರಡು ಪಟ್ಟು ಸಿಕ್ಕರೆ ಅದೇ ದೊಡ್ಡದು. ಅದೂ ನಿಮ್ಮ ಮಾತು ಅವರಿಗೆ ಮುಟ್ಟುವ ದೂರ. ಅವರ ಹತ್ತಿರ ಕೈ ಸೆಟ್ಟೇ ಇದ್ದರೆ ಅವರ ಮಾತು ನಿಮಗೆ ಮುಟ್ಟುವುದು ಮೊದಲಿನಷ್ಟೇ. ನೀವು ಬಾಯಿ ದೊಡ್ಡದು ಮಾಡಿಕೊಂಡಿರಿ, ಕಿವಿ ಹಾಗೇ ಇದೆ. ಒಳ್ಳೇ ಆಂಟೆನಾ ಹಾಕಿದರೆ ಬಾಯಿ, ಕಿವಿ ಎರಡೂ ದೊಡ್ಡದಾಗುತ್ತೆ.

ಕೈ ಸೆಟ್ಟಿನ ದೊಡ್ಡ ಕಾಯಿಲೆ ವ್ಯಾಟ್ ಅಲ್ಲ. ಅದನ್ನು ತಗಡಿನ ಡಬ್ಬದೊಳಗೆ, ಅಂದರೆ ಕ್ಯಾಬಿನ್ ಒಳಗೆ ಕೂತು ಬಳಸುತ್ತೇವೆ, ಆಂಟೆನಾ ಬೆರಳುದ್ದ. ನಿಮ್ಮ ನಾಲ್ಕನೇ ಗಾಡಿಯವನು ಹೊರಗೆ ಇಳಿದು, ದಡದ ಮೇಲೆ ಹತ್ತಿ, ಸೆಟ್ಟನ್ನು ತಲೆಗಿಂತ ಮೇಲೆ ನೆಟ್ಟಗೆ ಹಿಡಿದು ಕರೆದಿದ್ದರೆ ಬಹುಶಃ ಕೇಳಿರುತ್ತಿತ್ತು. ಹಾಗಂತ ಕೈ ಸೆಟ್ಟನ್ನು ಬಿಸಾಡಬೇಡಿ. ವಿಂಚ್ ಎಳೆಯುವಾಗ, ಗಾಡಿಯಿಂದ ಇಳಿದು ದಾರಿ ತೋರಿಸುವಾಗ ಅದೇ ಬೇಕು.

ವಿಎಚ್‌ಎಫ್ಫೋ ಯುಎಚ್‌ಎಫ್ಫೋ? ಕಾಡು, ಗುಡ್ಡದ ಓರೆ, ಬಯಲು, ಇವೇ ಜಾಸ್ತಿ ಇದ್ದರೆ ನನ್ನ ಓಟು ವಿಎಚ್‌ಎಫ್‌ಗೆ. ಎಲೆ, ಕೊಂಬೆ ಅದನ್ನು ಕಡಿಮೆ ನುಂಗುತ್ತವೆ, ದಿಣ್ಣೆಯ ಅಂಚಿನಲ್ಲಿ ಸ್ವಲ್ಪ ಬಾಗುತ್ತೆ ಕೂಡ. ಯುಎಚ್‌ಎಫ್‌ಗೆ ಆಂಟೆನಾ ಚಿಕ್ಕದು. 150 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ಕಡ್ಡಿ (ಅಂದರೆ ಒಂದು ಅಲೆಯ ಉದ್ದದ ಕಾಲು ಭಾಗದಷ್ಟು ಇರುವುದು) ಅರ್ಧ ಮೀಟರ್, 460ಕ್ಕೆ ಸುಮಾರು 16 ಸೆಂಟಿಮೀಟರ್. ಕೊಂಬೆಗೆ ಸಿಕ್ಕಿ ಮುರಿಯುವ ಗೋಳು ಕಡಿಮೆ. 27 ಮೆಗಾಹರ್ಟ್ಸ್‌ನ ಹಳೇ ಸಿಬಿ (ಸಾಮಾನ್ಯ ಜನರ ಬಳಕೆಗೆ ಬಿಟ್ಟ ಬ್ಯಾಂಡ್) ಸೆಟ್ಟುಗಳೂ ಇವೆ. ಅದರ ಕಾಲು ಅಲೆ 2.75 ಮೀಟರ್! ಕುಗ್ಗಿಸಿದ ಆಂಟೆನಾ ಹಾಕಿದರೆ ಕೆಲಸ ಮಾಡುತ್ತೆ, ಆದರೆ ದನಿಯನ್ನು ಅಲೆಯ ಎತ್ತರದ ಏರಿಳಿತದಲ್ಲಿ ಸಾಗಿಸುವ ಎಎಮ್ ಆದ್ದರಿಂದ ಎಂಜಿನ್ನಿನ ಗೊರಗೊರ ಎಲ್ಲ ಕೇಳುತ್ತೆ.

ಇದೆಲ್ಲಕ್ಕಿಂತ ಮೊದಲು ನಿಮ್ಮಲ್ಲಿ ಯಾವ ಬ್ಯಾಂಡ್ ಬಳಸಲು ಅನುಮತಿ ಇದೆ ನೋಡಿಕೊಳ್ಳಿ. ಇದು ದೇಶದಿಂದ ದೇಶಕ್ಕೆ ಬೇರೆ. ಆಸ್ಟ್ರೇಲಿಯಾದಲ್ಲಿ ಆಫ್‌ರೋಡಿನವರೆಲ್ಲ 477 ಮೆಗಾಹರ್ಟ್ಸ್ ಆಸುಪಾಸಿನ ಸಿಬಿ ಬಳಸುತ್ತಾರೆ, ಮಿತಿ 5 ವ್ಯಾಟ್. ಯುರೋಪಿನಲ್ಲಿ ಲೈಸೆನ್ಸ್ ಬೇಡದ 446ರ ಸೆಟ್ಟುಗಳಿಗೆ ಬರೀ ಅರ್ಧ ವ್ಯಾಟ್. ಅಮೆರಿಕದಲ್ಲಿ ಜನಸಾಮಾನ್ಯರ ರೇಡಿಯೋ ಸೇವೆಯಾದ ಜಿಎಂಆರ್‌ಎಸ್‌ನಲ್ಲಿ 50 ವ್ಯಾಟ್ ತನಕ ಬಿಡುತ್ತಾರೆ, ಆದರೆ ಲೈಸೆನ್ಸ್ ಬೇಕು. ಸೆಟ್ಟಿನಲ್ಲಿ ಫ್ರೀಕ್ವೆನ್ಸಿ ಬರುತ್ತೆ ಅಂದ ಮಾತ್ರಕ್ಕೆ ಅದರಲ್ಲಿ ಮಾತಾಡಬಹುದು ಅಂತಲ್ಲ. ಅಲ್ಲಿ ಆಂಬುಲೆನ್ಸಿನವರೋ ಅಗ್ನಿಶಾಮಕದವರೋ ಇರಬಹುದು.

ಹಳೇಜೀಪು

ಮರಳುಗಾಡಿನಲ್ಲಿ ಓಡಿಸಿ ನೋಡಿ ಸ್ವಾಮಿ. ಅಲ್ಲಿ ನನ್ನ 50 ವ್ಯಾಟ್ ಕೇಳಿದಷ್ಟು ದೂರ ಗುಂಪಿನಲ್ಲಿ ಇನ್ಯಾರದ್ದೂ ಕೇಳಲ್ಲ.

ಕೊನೇಗಾಡಿ

ಒಪ್ಪಿದೆ. ಬಯಲಿನಲ್ಲಿ, ಎಲ್ಲರ ಹತ್ತಿರವೂ ಗಾಡಿ ಸೆಟ್ ಇದ್ದರೆ, 50 ಉಪಯೋಗಕ್ಕೆ ಬರುತ್ತೆ. ನನ್ನದೂ ಇನ್ನೂ 50ರದ್ದೇ. ಆದರೆ ಲೈಟರ್ ಸಾಕೆಟ್ ಮಾತ್ರ ಬೇಡ. 50 ವ್ಯಾಟಿನ ಸೆಟ್ ಬಟನ್ ಒತ್ತಿದಾಗ 10ರಿಂದ 12 ಆಂಪ್ ಎಳೆಯುತ್ತೆ. ಆ ಸಾಕೆಟ್‌ನ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದುಹೋಗುತ್ತೆ, ನಿಮ್ಮ 50 ಹೊರಗೆ ಬರುವಾಗ 50 ಆಗಿರಲ್ಲ. ಜೊತೆಗೆ ಕುಲುಕಾಟಕ್ಕೆ ಪ್ಲಗ್ ಸಡಿಲ. ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆಯಿರಿ. ಫ್ಯೂಸ್ ಬ್ಯಾಟರಿ ಹತ್ತಿರ ಇರಲಿ, ಸೆಟ್ಟಿನ ಹತ್ತಿರ ಅಲ್ಲ. ವೈರ್ ಮಧ್ಯದಲ್ಲೆಲ್ಲೋ ಉಜ್ಜಿ ತಗಡಿಗೆ ತಗುಲಿದರೆ ಆ ಫ್ಯೂಸೇ ಕಾಯಬೇಕು.

ಪಕ್ಕದಸೀಟು

ರೇಸಿನ ಬಗ್ಗೆ ನಾನು ಹೇಳ್ತೀನಿ. ನಾನೂ ನಿಮ್ಮ ತಂಗಿಯ ಥರ, ದಾರಿ ಹೇಳುವವಳು.

ರೇಸಿನಲ್ಲಿ ರೇಡಿಯೋ ಎರಡನೇ ಮಾತು. ಮೊದಲು ಇಂಟರ್‌ಕಾಮ್. ಇಬ್ಬರೂ ಹೆಲ್ಮೆಟ್ ಹಾಕಿ ಕೂತರೆ ಅರ್ಧ ಅಡಿ ದೂರದಲ್ಲಿ ಕಿರುಚಿದರೂ ಕೇಳಲ್ಲ. "ಮುನ್ನೂರು ಮೀಟರ್, ಎಡ, ಹಳ್ಳ" ಅಂದಿದ್ದರಲ್ಲಿ "ಹಳ್ಳ" ನುಂಗಿಹೋದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಇಂಟರ್‌ಕಾಮಿಗೆ ಜೋಡಿಸಲು ಬರುವ ರೇಡಿಯೋ ಆರಿಸಿ. ಇಂಟರ್‌ಕಾಮ್ ಯಾವಾಗಲೂ ತೆರೆದಿರಬೇಕು, ರೇಡಿಯೋಗೆ ಮಾತ್ರ ಒತ್ತುವ ಬಟನ್. ಡ್ರೈವರಿಗೆ ಸ್ಟಿಯರಿಂಗ್ ಮೇಲೆ ಒಂದು, ಪಕ್ಕದವರಿಗೆ ಇನ್ನೊಂದು.

ಆ ಬಟನ್ನಿನದೇ ಒಂದು ಕಥೆ ಇದೆ. ನಮ್ಮ ಎರಡನೇ ರೇಸು. ಕೆಸರಿನ ಗುಂಡಿಯೊಂದಕ್ಕೆ ಜೋರಾಗಿ ಇಳಿದೆವು, ಕಿಟಕಿಯಿಂದ ಬಂದ ಕೆಸರು ನನ್ನ ತೊಡೆ, ನಕ್ಷೆ, ಎಲ್ಲ ಮುಚ್ಚಿತು. ಬಟನ್ನಿನ ಸಂದಿಗೂ ಹೋಗಿದೆ, ಬಟನ್ ಒಳಗೇ ಕಚ್ಚಿಕೊಂಡಿದೆ. ನನಗೆ ಗೊತ್ತಿಲ್ಲ. ಅಲ್ಲಿಂದ ನನಗೂ ಡ್ರೈವರಿಗೂ ಜಗಳ. ನಾನು ಬ್ರೇಕ್ ಅಂದೆ, ನೀನು ಲೇಟಾಗಿ ಅಂದೆ, ನಿನಗೆ ಕಿವಿ ಇಲ್ಲ, ನಿನಗೆ ಲೆಕ್ಕ ಬರಲ್ಲ, ಹೀಗೆ. ಪಿಟ್‌ನಲ್ಲಿ ನಿಲ್ಲಿಸಿದಾಗ ಮೆಕ್ಯಾನಿಕ್‌ಗಳು ಯಾರೂ ನಮ್ಮ ಮುಖ ನೋಡುತ್ತಿಲ್ಲ. ಒಬ್ಬ ಸ್ಪ್ಯಾನರ್ ಹಿಡಿದುಕೊಂಡು ಆಚೆ ತಿರುಗಿ ನಗುತ್ತಿದ್ದ. ಅಷ್ಟೂ ಹೊತ್ತು ನಮ್ಮ ಜಗಳ ಲೈವ್.

ನಗು ಬಿಡಿ, ಅಷ್ಟು ಹೊತ್ತು ಅವರು ನಮ್ಮನ್ನು ಕರೆಯೋಕೇ ಆಗಿರಲಿಲ್ಲ. ಒಬ್ಬರ ಬಟನ್ ಕಚ್ಚಿಕೊಂಡರೆ ಇಡೀ ಚಾನೆಲ್ ಸತ್ತ ಹಾಗೆ. ಸೆಟ್ಟಿನಲ್ಲಿ ಟೈಮ್ ಔಟ್ ಅಂತ ಒಂದು ಸೆಟ್ಟಿಂಗ್ ಇರುತ್ತೆ. ಇಷ್ಟು ಹೊತ್ತು ಒತ್ತಿದ್ದರೆ ತಾನೇ ನಿಲ್ಲಿಸುತ್ತೆ. ನಾನು ಈಗ 60 ಸೆಕೆಂಡಿಗೆ ಇಡುತ್ತೇನೆ. ಒಂದು ನಿಮಿಷಕ್ಕಿಂತ ಜಾಸ್ತಿ ಮಾತಾಡುವಂಥದ್ದು ರೇಸಿನಲ್ಲಿ ಏನೂ ಇಲ್ಲ.

ಇನ್ನು ಹೆಲ್ಮೆಟ್ ವೈರಿಂಗ್. ಹೊರಗಿನ ಪ್ಲಗ್ ನೋಡೋಕೆ ಒಂದೇ ಥರ ಇರುತ್ತೆ, ಒಳಗೆ ವೈರ್ ಜೋಡಿಸಿದ ರೀತಿ ಬೇರೆ. ಆಫ್‌ರೋಡಿನದು ಒಂದು ಥರ, ಸರ್ಕ್ಯೂಟ್ ರೇಸಿನದು ಇನ್ನೊಂದು. ಬೇರೆ ಬೇರೆ ಕಡೆಯ ಹೆಲ್ಮೆಟ್ ಕಿಟ್, ಇಂಟರ್‌ಕಾಮ್ ತಂದು ಚುಚ್ಚಿದರೆ ಪ್ಲಗ್ ಕೂರುತ್ತೆ, ದನಿ ಮಾತ್ರ ಬರಲ್ಲ. ಕೊಳ್ಳುವ ಮುಂಚೆ ಕೇಳಿ. ಮೈಕ್ ತುಟಿಗೆ ತಾಗುವಷ್ಟು ಹತ್ತಿರ ಇರಲಿ, ದೂರ ಇಟ್ಟು ವಾಲ್ಯೂಮ್ ಏರಿಸಿದರೆ ಎಂಜಿನ್ ಸದ್ದೇ ಏರುತ್ತೆ.

ಡಿಜಿಟಲ್ ಬಗ್ಗೆ ಕೇಳಿದ್ರಿ. ದನಿ ಸ್ವಚ್ಛ, ನಿಜ. ಆದರೆ ಮಾತು ಸ್ವಲ್ಪ ತಡವಾಗಿ ಬರುತ್ತೆ. ದೂರ ಹೋದಾಗ ಅನಲಾಗ್ ಸೆಟ್ ಗೊರಗೊರ ಅಂದುಕೊಂಡೇ ಅರ್ಧ ಮಾತು ದಾಟಿಸುತ್ತೆ, ಡಿಜಿಟಲ್ ತುಂಡು ತುಂಡಾಗಿ ಏಕಾಏಕಿ ಪೂರ್ತಿ ನಿಂತುಬಿಡುತ್ತೆ. ಆ ಗೊರಗೊರ ಇದೆಯಲ್ಲ, ಅದೇ ನನಗೆ ಎಚ್ಚರಿಕೆ. ಇನ್ನು ಸ್ವಲ್ಪ ದೂರ ಹೋದರೆ ಸಿಗಲ್ಲ, ಈಗಲೇ ಹೇಳಿಬಿಡು ಅಂತ. ನಾನು ಅನಲಾಗ್ ಪಕ್ಷ.

ನೀವು ಸೇರುವ ರೇಸಿನವರು ಯಾವ ಬ್ಯಾಂಡಿನಲ್ಲಿ ಇದ್ದಾರೆ ಅಂತ ಕೇಳದೆ ಏನೂ ಕೊಳ್ಳಬೇಡಿ. ದೊಡ್ಡ ಬಯಲಿನ ರೇಸುಗಳಲ್ಲಿ ವಿಎಚ್‌ಎಫ್ ಜಾಸ್ತಿ. ಅವರು ಕೊಟ್ಟ ಚಾನೆಲ್ ನಿಮ್ಮ ಸೆಟ್ಟಿನಲ್ಲಿ ಬರದಿದ್ದರೆ ಕಷ್ಟದಲ್ಲಿ ಯಾರನ್ನೂ ಕರೆಯೋಕೆ ಆಗಲ್ಲ.

ಕೆಸರುಗಾಲಿ

ಅಕ್ಕಾ, ನಿಮ್ಮ ಕಥೆ ತಂಗಿಗೆ ಓದಿ ಹೇಳಿದೆ. "ನಮ್ಮದು ಇದಕ್ಕಿಂತ ಜೋರಿರುತ್ತೆ, 30 ಸೆಕೆಂಡಿಗೆ ಇಡು" ಅಂದಳು.

ಕೊನೇಗಾಡಿ ಅಣ್ಣಾ, ರೂಫಿನ ನಡುವೆ ಅಂತೀರಿ. ನನಗೆ ರೂಫೇ ಇಲ್ಲವಲ್ಲ, ಬಟ್ಟೆ. ಮ್ಯಾಗ್ನೆಟ್ ಎಲ್ಲಿ ಅಂಟಿಸಲಿ?

ಕೊನೇಗಾಡಿ

ಅದು ಬರೀ ಅಂಟಿಸುವ ಪ್ರಶ್ನೆ ಅಲ್ಲ. ಕಾಲು ಅಲೆಯ ಆಂಟೆನಾಕ್ಕೆ ಕೆಳಗೆ ತಗಡು ಬೇಕು, ಆ ತಗಡೇ ಅದರ ಇನ್ನೊಂದು ಅರ್ಧ. ಬಟ್ಟೆ ಅಥವಾ ಫೈಬರ್ ಟಾಪ್ ಮೇಲೆ ಅದನ್ನು ನಿಲ್ಲಿಸಿದರೆ ಪವರಿನ ಒಂದು ಪಾಲು ವಾಪಸ್ ಸೆಟ್ಟಿಗೇ ಬರುತ್ತೆ. ನಿಮ್ಮಂಥ ಗಾಡಿಗೆ ಅರ್ಧ ಅಲೆಯ ಆಂಟೆನಾ ಸಿಗುತ್ತೆ, ಕೆಳಗೆ ತಗಡು ಕೇಳದೇ ಇರುವಂಥದ್ದು. ಕೊಳ್ಳುವಾಗ "ಗ್ರೌಂಡ್ ಪ್ಲೇನ್ ಬೇಡದ್ದು" ಅಂತಲೇ ಕೇಳಿ. ವಿಎಚ್‌ಎಫ್‌ಗೆ ಸುಮಾರು ಒಂದು ಮೀಟರ್ ಉದ್ದ ಇರುತ್ತೆ. ವಿಂಡ್‌ಶೀಲ್ಡ್ ಪಕ್ಕದ ಬ್ರಾಕೆಟ್‌ಗೋ, ರೋಲ್ ಕೇಜಿನ (ಗಾಡಿ ಮಗುಚಿದರೆ ಕಾಯುವ ಪೈಪಿನ ಚೌಕಟ್ಟಿನ) ಮೇಲಿನ ಪೈಪಿಗೋ ಕೂರಿಸಿ. ಬುಡಕ್ಕೆ ಸ್ಪ್ರಿಂಗ್ ಹಾಕಿಸಿ, ಕೊಂಬೆ ತಾಗಿದರೆ ಬಾಗಿ ಮತ್ತೆ ಏಳಲಿ. ಕೇಜಿಗೆ ಕೂರಿಸಿದರೆ ಆಂಟೆನಾ ನಿಮ್ಮ ತಲೆಗೆ ಹತ್ತಿರ ಇರುತ್ತೆ, ಮಧ್ಯೆ ತಗಡು ಕೂಡ ಇಲ್ಲ. ಅಲ್ಲಿ 50 ವ್ಯಾಟ್ ಬೇಡವೇ ಬೇಡ. ಆದಷ್ಟು ದೂರ ಇಡಿ, ಪವರ್ ಇಳಿಸಿ.

ಹಾಕಿದ ಮೇಲೆ ಎಸ್‌ಡಬ್ಲ್ಯೂಆರ್ ಮೀಟರ್ ಹಾಕಿ ನೋಡಿ, ಪವರ್ ಎಷ್ಟು ವಾಪಸ್ ಬರುತ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತೆ. 1.5 ಬಂದರೆ 4 ಪರ್ಸೆಂಟ್ ಮಾತ್ರ ವಾಪಸ್, ಚಿಂತೆ ಇಲ್ಲ. 2 ಬಂದರೆ 11 ಪರ್ಸೆಂಟ್, ಓಡಿಸಬಹುದು. 3 ಅಂದರೆ ಕಾಲು ಭಾಗ ವಾಪಸ್, ಅಲ್ಲಿಗೆ ನಿಲ್ಲಿಸಿ, ಏನೋ ತಪ್ಪಿದೆ. ಆಂಟೆನಾ ಸಿಕ್ಕಿಸದೆ ಬಟನ್ ಒತ್ತಲೇಬೇಡಿ, ಸೆಟ್ ಸುಟ್ಟುಹೋಗಬಹುದು.

ಅಂಗಡಿಯಲ್ಲಿ "6 ಡಿಬಿ ಗೇನ್" ಅಂತ ಉದ್ದದ ಕಡ್ಡಿ ತೋರಿಸುತ್ತಾರೆ. ಮರುಳಾಗಬೇಡಿ. ಗೇನ್ ಅಂದರೆ ಹೊಸ ಪವರ್ ಅಲ್ಲ, ಇದ್ದದ್ದನ್ನೇ ಚಪ್ಪಟೆ ಮಾಡಿ ಅಡ್ಡಕ್ಕೆ ತಳ್ಳುವುದು. ಬಯಲಿನಲ್ಲಿ ಅದು ಸರಿ. ಗುಡ್ಡದಲ್ಲಿ ನೀವು ಕೆಳಗೆ, ಇನ್ನೊಬ್ಬ ಮೇಲೆ, ಗಾಡಿ ಒಂದು ಕಡೆ ವಾಲಿದೆ. ಆಗ ನಿಮ್ಮ ಮಾತು ಅವನ ತಲೆ ಮೇಲೋ ಕಾಲ ಕೆಳಗೋ ಹೋಗಿರುತ್ತೆ. ಗುಡ್ಡಕ್ಕೆ ಸಾದಾ ಆಂಟೆನಾನೇ ಸರಿ.

ಇನ್ನೊಂದು, ಆರೂ ಸೆಟ್ಟನ್ನು ಒಬ್ಬನೇ ಕೂತು ಒಂದೇ ಫೈಲಿನಿಂದ ಪ್ರೋಗ್ರಾಮ್ ಮಾಡಲಿ. ಚಾನೆಲ್ಲಿನ ಅಗಲ ಒಬ್ಬರದು 12.5 ಕಿಲೋಹರ್ಟ್ಸ್, ಇನ್ನೊಬ್ಬರದು 25 ಇದ್ದರೆ, ಒಬ್ಬನ ದನಿ ಬಾವಿಯೊಳಗಿಂದ ಬಂದ ಹಾಗೆ, ಇನ್ನೊಬ್ಬನದು ಹರಿದ ಸ್ಪೀಕರಿನ ಹಾಗೆ ಕೇಳುತ್ತೆ. ಟೋನ್ ಕೋಡ್ ಹಾಕಿದರೆ ಗುಟ್ಟಾಗಿರುತ್ತೆ ಅಂತ ನಂಬಬೇಡಿ. ಅದು ಬೇರೆಯವರ ಮಾತು ನಿಮ್ಮ ಕಿವಿಗೆ ಬೀಳದ ಹಾಗೆ ಮಾಡುತ್ತೆ ಅಷ್ಟೇ, ನಿಮ್ಮ ಮಾತನ್ನು ಯಾರು ಬೇಕಾದರೂ ಕೇಳಬಹುದು.

ಐಪಿ67 ಇರುವ ಸೆಟ್ ಸಿಕ್ಕರೆ ಒಳ್ಳೇದು. ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ ಅಂತ ಅರ್ಥ. ಪ್ರೆಷರ್ ವಾಷರ್‌ಗೂ ತಡೆಯುತ್ತೆ ಅಂತ ಅಲ್ಲ. ನಮ್ಮಲ್ಲೊಬ್ಬ ಗಾಡಿ ತೊಳೆಯುವಾಗ ಮೈಕನ್ನೂ ತೊಳೆದ.

ಕೆಸರುಗಾಲಿ

ಆರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಎಲ್ಲ ಆರು ಗಾಡಿಗೂ 25 ವ್ಯಾಟಿನ ವಿಎಚ್‌ಎಫ್ ಸೆಟ್ ಹಾಕಿದೆವು, ಅನುಮತಿ ಕಾಗದ ಮಾಡಿಸಿಕೊಂಡೇ. ನನ್ನ ಗಾಡಿಗೆ ಅರ್ಧ ಅಲೆಯ ಆಂಟೆನಾ, ವಿಂಡ್‌ಶೀಲ್ಡ್ ಪಕ್ಕ. ಎಸ್‌ಡಬ್ಲ್ಯೂಆರ್ 1.4. ಮೊದಲ ರಾತ್ರಿ ಸೆಟ್ ಹಾಕಿದರೆ ಬರೀ ಸುಯ್ ಅನ್ನೋ ಸದ್ದು. ಆಂಟೆನಾ ಬಿಚ್ಚಿದೆ, ಕೇಬಲ್ ನೋಡಿದೆ, ಎಲ್ಲ ಸರಿ. ಸೋತು ಮನೆಗೆ ಹೋಗೋಣ ಅಂತ ಬಾನೆಟ್ ಮೇಲಿನ ಎಲ್‌ಇಡಿ ಬಾರ್ ಲೈಟ್ ಆರಿಸಿದೆ. ಸದ್ದೂ ಆರಿತು! ಲೈಟಿನ ವೈರಿಗೆ ಅಂಥ ಸದ್ದು ತಡೆಯುವ ಫೆರೈಟ್ ಮಣಿ ಸಿಕ್ಕಿಸಿದೆ, ಆಂಟೆನಾ ಕೇಬಲನ್ನು ಅದರಿಂದ ದೂರ ಎಳೆದೆ. ಈಗ ಲೈಟ್ ಹಾಕಿಕೊಂಡೇ ಮಾತಾಡಬಹುದು. ಸಣ್ಣದೊಂದು ಗುಂಯ್ ಇದೆ, ಅದು ಆಲ್ಟರ್ನೇಟರ್ ಇರಬೇಕು, ಆಕ್ಸಿಲರೇಟರ್ ಒತ್ತಿದಂತೆ ರಾಗ ಏರುತ್ತೆ.

ಮೊನ್ನೆ ಅದೇ ಹಳ್ಳಕ್ಕೆ ಹೋಗಿದ್ದೆವು. ನಾಲ್ಕನೇ ಗಾಡಿಯವನನ್ನು ಬೇಕಂತಲೇ ಅದೇ ದಡದ ಕೆಳಗೆ ನಿಲ್ಲಿಸಿ, ಉಳಿದವರು ಅದೇ ಎರಡು ಕಿಲೋಮೀಟರ್ ಮುಂದೆ ಹೋದೆವು. ಕೈ ಸೆಟ್ಟಿನಲ್ಲಿ ಕರೆ ಅಂದೆವು, ಗೊರಗೊರ. ಸೆಟ್ ಹಿಡಿದು ದಡದ ಮೇಲೆ ಹತ್ತು ಅಂದೆವು, ಮಾತು ಗೊತ್ತಾಯಿತು, ಕಷ್ಟಪಟ್ಟು. ಗಾಡಿ ಸೆಟ್ಟಿನಲ್ಲಿ ಕರೆದ, ಹಿಂದೆ ಅವನ ವೈಪರ್ ಕಿರ್ ಅನ್ನುವುದೂ ಕೇಳಿಸಿತು.

ಒಂದೇ ತೊಂದರೆ ಉಳಿದಿದೆ. ನಾಲ್ಕನೇ ಗಾಡಿಯವನು ಬಟನ್ ಒತ್ತಿದ ಕೂಡಲೇ ಮಾತು ಶುರುಮಾಡ್ತಾನೆ, ಮೊದಲ ಪದ ಹಾರಿಹೋಗುತ್ತೆ. "ನಿಲ್ಲಿಸಬೇಡಿ, ಬನ್ನಿ" ಅಂದದ್ದು ನಮಗೆ ಕೇಳಿದ್ದು "ಬೇಡಿ, ಬನ್ನಿ".

ಪಕ್ಕದಸೀಟು

ಒತ್ತಿ, ಒಂದು ಸಲ ಉಸಿರು ಎಳೆದುಕೊಂಡು, ಆಮೇಲೆ ಮಾತಾಡೋಕೆ ಹೇಳಿ. ಅದೂ ಆಗದಿದ್ದರೆ ಪ್ರತಿ ಸಲ ಯಾರನ್ನು ಕರೆಯುತ್ತಾನೋ ಅವರ ಹೆಸರನ್ನೇ ಮೊದಲು ಹೇಳಲಿ. ಹಾರಿದರೂ ಹಾರುವುದು ನಿಮ್ಮ ಹೆಸರು ತಾನೇ.